ಬಾನುಲಿಯನ್ನು ಬೇಡುವವರು, ಕೇಳದವರು

ನವೆಂಬರ ತಿಂಗಳು ಬಂದಿತೆಂದರೆ ನಮ್ಮ ಸಂಘದಲ್ಲಿ ಠರಾವುಗಳ ಸುಗ್ಗಿ. ಭುವನೇಶ್ವರಿಯ ಭಾವಚಿತ್ರಕ್ಕೆ ಹೂಮಾಲೆ ಏರಿ, ಸ್ವಾಗತಗೀತವಾಗಿ, ಮೂವರು ಅತಿಥಿಗಳ ಭಾಷಣ ಮುಗಿದು, ಸಭಿಕರಲ್ಲಿ ಅರ್ಧ ಜನ ಉಪಾಹಾರದ ಕಡೆಗೆ ಹೊರಳಿ ನೋಡುತ್ತಿರುವ ಹೊತ್ತಿನಲ್ಲಿ ಕಾರ್ಯದರ್ಶಿಗಳು ಠರಾವುಗಳನ್ನು ಓದುತ್ತಾರೆ. ಅವುಗಳಲ್ಲಿ ಒಂದು ತಪ್ಪದೆ ಬಾನುಲಿಯ ಕುರಿತಾಗಿರುತ್ತದೆ. ಸೊಲ್ಲಾಪುರದ ಆಕಾಶವಾಣಿಯಲ್ಲಿ ಕನ್ನಡಕ್ಕೆ ಯೋಗ್ಯ ಸ್ಥಾನ ದೊರೆಯತಕ್ಕದ್ದೆಂದು ಸಭೆಯು ಒತ್ತಾಯಿಸುತ್ತದೆ. ಕೈಗಳು ಮೇಲೇಳುತ್ತವೆ, ಚಪ್ಪಾಳೆಯಾಗುತ್ತದೆ, ಠರಾವು ಕಡತವನ್ನು ಸೇರುತ್ತದೆ. ಕಳೆದ ಸಲ ಎತ್ತಿದ ಕೈಗಳಲ್ಲಿ ನಮ್ಮ ಕೈಯೂ ಒಂದಾಗಿತ್ತು. ಸಭೆ ಮುಗಿಸಿ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಬಸ್ಸಿನಲ್ಲಿ ಮರಳುವಾಗ ಪಕ್ಕದಲ್ಲಿ ಕುಳಿತಿದ್ದ ಹಿರಿಯ ಶಿಕ್ಷಕರೊಬ್ಬರು ಸಹಜವಾಗಿ ಕೇಳಿದರು: "ಅಲ್ರಿ ಗುರುಗಳ, ನೀವು ರೇಡಿಯೋ ಹಚ್ಚಿ ಎಷ್ಟು ದಿನಾ ಆತು?" ನಾವು ಲೆಕ್ಕ ಹಾಕತೊಡಗಿದೆವು. ಸುಮಾರು 40 ಕಿಲೋಮೀಟರಿನ ಆ ದಾರಿ ಮುಗಿದರೂ ಲೆಕ್ಕ ಹತ್ತಲಿಲ್ಲ.

ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು. ಸಂಘದ ಬೇಡಿಕೆ ಅನ್ಯಾಯದ್ದೆಂದು ನಾವು ಹೇಳುತ್ತಿಲ್ಲ. ಅದು ನ್ಯಾಯವಾದುದೇ. ಆದರೆ ಬೇಡುವ ರೀತಿ ತಪ್ಪಿದೆ. ಬೇಡಿದ ಮೇಲೆ ವರ್ಷದ ಉಳಿದ ದಿನಗಳಲ್ಲಿ ನಾವು ನಡೆದುಕೊಳ್ಳುವ ರೀತಿಯಂತೂ ನಾಚಿಕೆಗೇಡಿನದು. ಯಾವ ವಾರ, ಯಾವ ಹೊತ್ತಿನಲ್ಲಿ, ಯಾವ ವಿಷಯ, ಯಾವ ಇಯತ್ತೆಯ ಮಕ್ಕಳಿಗಾಗಿ ಎಂಬ ಮರುಪ್ರಶ್ನೆ ನಾಳೆ ನಿಲಯದಿಂದ ಬಂದರೆ ಅದಕ್ಕೆ ಉತ್ತರವಾಗಿ ಕೊಡಲು ನಮ್ಮಲ್ಲಿ ಒಂದು ಹಾಳೆಯೂ ಸಿದ್ಧವಿಲ್ಲ. 'ಯೋಗ್ಯ ಸ್ಥಾನ' ಎಂಬುದು ಕುರ್ಚಿಗೆ ಒಪ್ಪುವ ಮಾತು; ಕಾರ್ಯಕ್ರಮಕ್ಕೆ ಬೇಕಾದದ್ದು ವಾರ, ಗಂಟೆ ಮತ್ತು ವಿಷಯ.

ಹಿಂದಿನದನ್ನು ಸ್ವಲ್ಪ ನೆನೆಯುವುದು ಅವಶ್ಯ. ಧಾರವಾಡದ ಬಾನುಲಿ ನಿಲಯ ಪ್ರಾರಂಭವಾದದ್ದು 1950ನೆಯ ಇಸವಿ ಜನವರಿ 8ರಂದು. ಆಗ ಧಾರವಾಡವೂ ಸೊಲ್ಲಾಪುರವೂ ಒಂದೇ ಮುಂಬಯಿ ರಾಜ್ಯದ ಜಿಲ್ಲೆಗಳು. ಅಕ್ಕಲಕೋಟೆಯ ಸಂಸ್ಥಾನವೂ 1948ರಲ್ಲಿ ಅದೇ ರಾಜ್ಯದಲ್ಲಿ ವಿಲೀನವಾಗಿತ್ತು. ಧಾರವಾಡದ ನಿಲಯ ಹುಟ್ಟಿದ ವರ್ಷವೇ ಕನ್ನಡ ಸಾಹಿತ್ಯ ಸಮ್ಮೇಳನವು ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿ ನೆರೆಯಿತು. ಹೀಗಾಗಿ ಧಾರವಾಡದ ದನಿ ಇಲ್ಲಿಯ ಕನ್ನಡಿಗರಿಗೆ ಹೊರರಾಜ್ಯದ ದನಿಯಾಗಿರಲಿಲ್ಲ. ತಮ್ಮದೇ ರಾಜ್ಯದ ನಿಲಯ ತಮ್ಮ ಮಾತಿನಲ್ಲಿ ಮಾತಾಡುತ್ತಿತ್ತು. 1956ರ ನವೆಂಬರ 1ರಂದು ರಾಜ್ಯಗಳು ಬೇರೆಯಾದವು. ಬಾನುಲಿಯ ಅಲೆಗಳಿಗೆ ಮಾತ್ರ ಆ ಸುದ್ದಿಯನ್ನು ಯಾರೂ ತಿಳಿಸಲಿಲ್ಲ. ಧಾರವಾಡ ಗಡಿಯ ಈಚೆಗೂ ಕೇಳುತ್ತಲೇ ಇತ್ತು. 1966ರಲ್ಲಿ ಕಲಬುರ್ಗಿಯ ನಿಲಯವೂ ಅದರ ಜೊತೆಗೂಡಿತು. ಅಕ್ಕಲಕೋಟೆ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಕಾಗದದಲ್ಲಿಯೇ ಉಳಿಯಿತು. ಗಡಿಯ ವಾದ 2004ರಿಂದ ಸರ್ವೋಚ್ಚ ನ್ಯಾಯಾಲಯದ ಮುಂದಿದೆ; ಅದನ್ನು ವಕೀಲರಿಗೆ ಬಿಡೋಣ. ಶಾಲೆಯ ಮಗು ತೀರ್ಪಿನವರೆಗೆ ನಾಲ್ಕನೆಯ ಇಯತ್ತೆಯಲ್ಲಿಯೇ ಕುಳಿತಿರುವುದಿಲ್ಲ.

ಗಡಿಯಾಚೆಯ ಕನ್ನಡ ನಮಗೆ ಕೇಳುತ್ತಿದ್ದುದಕ್ಕೆ ಕಾರಣವೇನು? ಅದು ಯಾರ ಔದಾರ್ಯವೂ ಆಗಿರಲಿಲ್ಲ, ಭೌತಶಾಸ್ತ್ರದ ಕೃಪೆಯಾಗಿತ್ತು. ಮೇಲಿನ ಇಯತ್ತೆಯ ವಿದ್ಯಾರ್ಥಿಗಳು ಇದನ್ನು ಗಮನಿಸತಕ್ಕದ್ದು. ಧಾರವಾಡದ 765 ಕಿಲೋಹರ್ಟ್ಸಿನಂಥ ಮಧ್ಯಮ ತರಂಗಗಳು ಹಗಲಿನಲ್ಲಿ ನೆಲದ ಮೈಯನ್ನು ಅನುಸರಿಸಿ ದೂರ ಸಾಗುತ್ತವೆ. ರಾತ್ರಿಯಾದ ಮೇಲೆ ವಾತಾವರಣದ ಮೇಲಿನ ವಿದ್ಯುತ್ಕಣಗಳ ಪದರಕ್ಕೆ ತಾಗಿ ಮತ್ತೆ ನೆಲಕ್ಕಿಳಿದು ಇನ್ನೂ ದೂರ ಮುಟ್ಟುತ್ತವೆ. ನಮ್ಮ ಅಜ್ಜಂದಿರು ರಾತ್ರಿ ಅಂಗಳದಲ್ಲಿ ಹೊರಸಿನ ಮೇಲೆ ಪೆಟ್ಟಿಗೆಯನ್ನಿಟ್ಟುಕೊಂಡು ಧಾರವಾಡವನ್ನು ಹಿಡಿಯುತ್ತಿದ್ದುದರ ಗುಟ್ಟು ಇದು. ಎಫ್. ಎಂ. ಅಲೆಯ ಗುಣ ಬೇರೆ. ಅದು ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ, ದಿಗಂತದಾಚೆಗೆ ಬಾಗುವುದಿಲ್ಲ. ದನಿ ಸ್ವಚ್ಛ, ಆದರೆ ಹರವು ಚಿಕ್ಕದು. ಈಚಿನ ವರ್ಷಗಳಲ್ಲಿ ಆಕಾಶವಾಣಿಯು ದೇಶದಾದ್ಯಂತ ಹಳೆಯ ಮಧ್ಯಮ ತರಂಗದ ಪ್ರೇಷಕಗಳನ್ನು ಒಂದೊಂದಾಗಿ ನಿಲ್ಲಿಸುತ್ತ, ಎಫ್. ಎಂ. ಜಾಲವನ್ನು ಬೆಳೆಸುತ್ತ ಬಂದಿದೆ. ಖರ್ಚಿನ ದೃಷ್ಟಿಯಿಂದ ಅದು ಸರಿಯಿರಬಹುದು. ಗಡಿಯ ಜನಕ್ಕೆ ಅದರ ಅರ್ಥ ಮಾತ್ರ ಇಷ್ಟು: 1956ರಲ್ಲಿ ನೆಲದ ಮೇಲೆ ಎಳೆದ ಗೆರೆ ಅರವತ್ತು ಎಪ್ಪತ್ತು ವರ್ಷ ತಡವಾಗಿ ಗಾಳಿಯಲ್ಲಿಯೂ ಎಳೆಯಲ್ಪಡುತ್ತಿದೆ. ನೆರೆರಾಜ್ಯದಿಂದ ತುಳುಕಿ ಬಂದ ಕನ್ನಡದಿಂದ ಕಾಲ ಕಳೆಯುವ ದಿನಗಳು ಮುಗಿಯುತ್ತ ಬಂದಿವೆ. ಇನ್ನು ಕನ್ನಡ ಇಲ್ಲಿಯೇ ಹುಟ್ಟಬೇಕು, ಇಲ್ಲಿಂದಲೇ ಹೊರಡಬೇಕು.

ತುಳುಕಿ ಬಂದ ಕನ್ನಡವಾದರೂ ನಮ್ಮ ಶಾಲೆಗೆ ಎಷ್ಟರಮಟ್ಟಿಗೆ ಒದಗುತ್ತಿತ್ತು ಎಂಬುದನ್ನೂ ಪ್ರಾಮಾಣಿಕವಾಗಿ ನೋಡಬೇಕು. ಕರ್ನಾಟಕದ ಪ್ರಾಥಮಿಕ ಶಾಲೆಗಳಿಗಾಗಿ 'ಚುಕ್ಕಿ ಚಿನ್ನ', 'ಚಿಣ್ಣರ ಚುಕ್ಕಿ', 'ಕೇಳಿ ಕಲಿ' ಎಂಬ ಬಾನುಲಿ ಪಾಠಗಳು ಪ್ರಸಾರವಾದವು. ಅಚ್ಚುಕಟ್ಟಾದ ಪಾಠಗಳು, ಹಾಡು, ಸಂಭಾಷಣೆ, ನಡುವೆ ಮಕ್ಕಳು ಉತ್ತರ ಹೇಳಲು ಬಿಡುವು. ಆದರೆ ಅವು ಅನುಸರಿಸುವುದು ಕರ್ನಾಟಕದ ಪಠ್ಯಕ್ರಮವನ್ನು. ನಮ್ಮ ಮಕ್ಕಳ ಕೈಯಲ್ಲಿರುವುದು 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿಯ ಕನ್ನಡ ಪುಸ್ತಕಗಳು. ನಾಲ್ಕನೆಯ ಇಯತ್ತೆಯ ನಮ್ಮ ಮಗು ಪರಿಸರ ಅಭ್ಯಾಸದ ಎರಡನೆಯ ಭಾಗದಲ್ಲಿ ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿ ಓದುತ್ತ ಬಂದಿದೆ. ಆ ಪಾಠವನ್ನು ಕಲಬುರ್ಗಿಯ ನಿಲಯ ಏಕೆ ಪ್ರಸಾರ ಮಾಡೀತು? ಇತ್ತ 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ನಾಗಪುರದ ಆಕಾಶವಾಣಿಯಿಂದ 'ಶಾಳೇಬಾಹೇರಚಿ ಶಾಳಾ' ಎಂಬ ಕಾರ್ಯಕ್ರಮ ಮಕ್ಕಳ ಮನೆಬಾಗಿಲಿಗೆ ಹೋಯಿತು. ಸ್ತುತ್ಯವಾದ ಕೆಲಸ. ಅದು ಮರಾಠಿಯಲ್ಲಿತ್ತು.

ಒಂದು ದಿನ ನಾವು ಫೋನಿನಲ್ಲಿ ಕಲಬುರ್ಗಿಯ ನಿಲಯವನ್ನು ಹಿಡಿದು ವರ್ಗದ ನಡುವೆ ಇಟ್ಟೆವು. ರೈತರಿಗಾಗಿ ತೊಗರಿಯ ಕುರಿತು ಮಾತು ನಡೆದಿತ್ತು. ಮಕ್ಕಳು ಮೊದಲು ಬೆರಗಾಗಿ, ಆಮೇಲೆ ಸುಮ್ಮನಾಗಿ ಕೇಳಿದರು. ತಮ್ಮ ಮನೆಯ ಮಾತು ಇಷ್ಟು ಗಂಭೀರವಾಗಿ, ಇಷ್ಟು ಸುಸಂಬದ್ಧವಾಗಿ ಪೆಟ್ಟಿಗೆಯಿಂದ ಬರಬಲ್ಲದೆಂಬುದು ಅವರಲ್ಲಿ ಹಲವರಿಗೆ ಹೊಸದು. ಮುಗಿದ ಮೇಲೆ ಏನು ತಿಳಿಯಿತೆಂದು ಕೇಳಿದೆವು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಗುರೂಜಿ, ಭಾಷಾ ನಮ್ದ ಐತ್ರಿ, ಊರು ನಮ್ದಲ್ರಿ" ಎಂದಳು. ಮುಂದಿನ ವಾರ ಸೊಲ್ಲಾಪುರದ ನಿಲಯವನ್ನು ಹಚ್ಚಿದೆವು. ಊರುಗಳೆಲ್ಲ ನಮ್ಮವೇ ಇದ್ದವು, ಸುದ್ದಿ ಮರಾಠಿಯಲ್ಲಿತ್ತು. ಒಂದು ಕಿವಿಗೆ ಭಾಷೆ, ಇನ್ನೊಂದು ಕಿವಿಗೆ ಊರು! ಎರಡೂ ಒಟ್ಟಿಗೆ ಒಂದೇ ಕಿವಿಗೆ ಬೀಳದ ಮಗು ಬೆಳೆದು ದೊಡ್ಡದಾದಾಗ, ಊರಿನ ದೊಡ್ಡ ಸಂಗತಿಗಳನ್ನು ಆಡುವುದಕ್ಕೆ ಮನೆಯ ಮಾತು ಸಾಲದೆಂದು ತಾನಾಗಿಯೇ ತೀರ್ಮಾನಿಸುತ್ತದೆ. ಆ ತೀರ್ಮಾನವನ್ನು ಯಾವ ಸರಕಾರವೂ ಅದರ ಮೇಲೆ ಹೇರಬೇಕಾಗಿಲ್ಲ. ಮರುವರ್ಷ ಅದರ ತಮ್ಮನ ಹೆಸರು ಬೇರೆ ಮಾಧ್ಯಮದ ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುವುದುಂಟು. ಸೊಲ್ಲಾಪುರ ಮಹಾರಾಷ್ಟ್ರದಲ್ಲಿದೆ, ನಿಲಯದ ಭಾಷೆ ಮರಾಠಿಯಾಗಿರುವುದು ಸಹಜ, ಅದರಲ್ಲಿ ಕನ್ನಡವನ್ನು ಕೇಳುವುದು ಅತಿಯಾಸೆ ಎಂಬುದಾಗಿ. ಮರಾಠಿ ಅಲ್ಲಿಯ ಮುಖ್ಯ ಭಾಷೆಯಾಗಿರಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ನಾವೂ ಮರಾಠಿಯನ್ನು ಆಡಿ, ಓದಿ, ಪ್ರೀತಿಸಿ ಬೆಳೆದವರು. 1955ರಲ್ಲಿ ಪುಣೆಯ ನಿಲಯದಿಂದ ವಾರವಾರವೂ ಬಂದ ಮಾಡಗೂಳಕರ, ಫಡಕೆಯವರ 'ಗೀತ ರಾಮಾಯಣ'ಕ್ಕೆ ಕನ್ನಡದ ಕಿವಿಗಳು ಮುಚ್ಚಿರಲಿಲ್ಲ. ಆದರೆ ಆಕಾಶವಾಣಿ ಯಾವ ರಾಜ್ಯದ ಸ್ವತ್ತೂ ಅಲ್ಲ. 1990ರ ಪ್ರಸಾರ ಭಾರತಿ ಕಾಯ್ದೆಯ 12ನೆಯ ಕಲಮು ದೇಶದ ವಿವಿಧ ಪ್ರದೇಶಗಳ ಸಂಸ್ಕೃತಿಗಳಿಗೂ ಭಾಷೆಗಳಿಗೂ ಸಾಕಷ್ಟು ಎಡೆ ಕೊಡುವುದನ್ನು ಅದರ ಕರ್ತವ್ಯಗಳಲ್ಲಿ ಒಂದಾಗಿ ಹೇಳಿದೆ. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯಲೆಂದು 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಲಾಯಿತು. ಉದಾಹರಣೆಗಳಿಗೂ ಕೊರತೆಯಿಲ್ಲ. ಮಂಗಳೂರಿನ ನಿಲಯ ಕನ್ನಡದ ಜೊತೆಗೆ ತುಳು, ಕೊಂಕಣಿಗಳಲ್ಲಿ ಮಾತಾಡುತ್ತದೆ. ಮಡಿಕೇರಿಯದು ಕೊಡವ ಭಾಷೆಯಲ್ಲಿ. ಪಣಜಿಯದು ಕೊಂಕಣಿ, ಮರಾಠಿ ಎರಡರಲ್ಲಿಯೂ. ಅಲ್ಲೆಲ್ಲ ಆಕಾಶ ಕುಸಿದುಬಿದ್ದಿಲ್ಲ.

ಇನ್ನೊಂದು ಆಕ್ಷೇಪ ತರುಣ ಶಿಕ್ಷಕರದು: ಪ್ರಸಾರ ಭಾರತಿಯ ಮೊಬೈಲು ಆ್ಯಪಿನಲ್ಲಿ ಧಾರವಾಡ, ಬೆಂಗಳೂರು ಎಲ್ಲವೂ ಸಿಕ್ಕುವಾಗ ಸ್ಥಳೀಯ ನಿಲಯದ ಗೋಜೇಕೆ? ಅದರ ಉತ್ತರವನ್ನು ಹಿಂದಿನ ಸಾಲಿನ ಹುಡುಗಿ ಆಗಲೇ ಕೊಟ್ಟಿದ್ದಾಳೆ. ಆ್ಯಪಿನಲ್ಲಿ ಭಾಷೆ ಇದೆ. ಉಜನಿಯಿಂದ ನೀರು ಬಿಟ್ಟಾಗ ಭೀಮೆಯ ದಂಡೆಯ ನಮ್ಮ ಹಳ್ಳಿಯವರು ಯಾವಾಗ ದನಗಳನ್ನು ಮೇಲಕ್ಕೆ ಹೊಡೆದುಕೊಂಡು ಹೋಗಬೇಕು, ಬೋರಿ ನದಿಯ ಕುರನೂರ ಕಟ್ಟೆಯಲ್ಲಿ ಎಷ್ಟು ನೀರಿದೆ, ಹತ್ತನೆಯ ಇಯತ್ತೆಯ ಕನ್ನಡ ಮಾಧ್ಯಮದ ವಿದ್ಯಾರ್ಥಿ ಮುಂದೆ ಎಲ್ಲಿ ಓದಬೇಕು ಎಂಬುದನ್ನು ಬೆಂಗಳೂರು ಹೇಳಲಾರದು.

ಆದರೆ ಈ ಲೇಖನದ ಬಾಣ ನಿಲಯದ ಮೇಲೆ ಅಲ್ಲ. ನಿಲಯವು ನಾಳೆಯೇ ಉದಾರವಾಗಿ ವಾರಕ್ಕೊಂದು ಗಂಟೆ ಕನ್ನಡಕ್ಕೆ ಕೊಟ್ಟಿತೆಂದು ಇಟ್ಟುಕೊಳ್ಳೋಣ. ಕೇಳುವವರು ಯಾರು? ಯಾವಾಗ ಕೇಳಬೇಕೆಂದು ಅವರಿಗೆ ತಿಳಿಸುವವರು ಯಾರು? ತಿಂಗಳ ಕಾರ್ಯಕ್ರಮ ಮುಂಗಡವಾಗಿ ಗೊತ್ತಿಲ್ಲದೆ ಕೇಳುವುದು, ವೇಳಾಪಟ್ಟಿ ಇಲ್ಲದ ನಿಲ್ದಾಣದಲ್ಲಿ ಗಾಡಿಗಾಗಿ ಕಾಯುವುದಕ್ಕೆ ಸಮ. ಇದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು. ಕಲಕತ್ತೆಯ ನಿಲಯಕ್ಕೆ 1929ರಿಂದಲೇ 'ಬೇತಾರ ಜಗತ್' ಎಂಬ ಸ್ವಂತ ಪತ್ರಿಕೆಯಿತ್ತು. ಬಂಗಾಳದ ಮನೆಗಳಲ್ಲಿ ಅದನ್ನು ನೋಡಿ ರೇಡಿಯೋ ಹಚ್ಚುತ್ತಿದ್ದರು. ಅಮೆರಿಕದ ಬರ್ಕ್ಲಿ ಎಂಬ ಪಟ್ಟಣದಲ್ಲಿ 1949ರ ಏಪ್ರಿಲ 15ರಂದು ಲೂಯಿಸ್ ಹಿಲ್ ಎಂಬವರು ಮತ್ತು ಅವರ ಗೆಳೆಯರು ಒಂದು ನಿಲಯವನ್ನು ಪ್ರಾರಂಭಿಸಿದರು. ಜಾಹೀರಾತಿಲ್ಲ, ಸರಕಾರದ ಆಡಳಿತವಿಲ್ಲ; ಕೇಳುಗರು ಕೊಡುವ ಚಂದಾದ ಮೇಲೆ ಅದು ನಿಂತಿತು, ಇಂದಿಗೂ ನಿಂತಿದೆ. ಚಂದಾ ಕೊಟ್ಟವನ ಮನೆಗೆ ಕಾರ್ಯಕ್ರಮಗಳ ಒಂದು ಮುದ್ರಿತ ಪಟ್ಟಿ ಬರುತ್ತಿತ್ತು. ಆ ಪಟ್ಟಿ ಕೈಸೇರಿದ ಗಳಿಗೆಯಿಂದ ಅವನು ಬರಿಯ ಕೇಳುಗನಾಗಿ ಉಳಿಯದೆ ನಿಲಯದ ಸದಸ್ಯನಾಗುತ್ತಿದ್ದನು. ನಮ್ಮಲ್ಲಿಯೂ ಎಂಬತ್ತರ ದಶಕದ ನಡುವಿನವರೆಗೆ ರೇಡಿಯೋ ಇಟ್ಟುಕೊಂಡವನು ಅಂಚೆಕಚೇರಿಗೆ ಹೋಗಿ ಲೈಸೆನ್ಸಿನ ಶುಲ್ಕ ಕಟ್ಟುತ್ತಿದ್ದನು. ಶುಲ್ಕ ಹೋದದ್ದು ಒಳ್ಳೆಯದೇ ಆಯಿತು. ಅದರೊಂದಿಗೆ ಕೇಳುವುದು ತನ್ನ ಹಕ್ಕೆಂಬ ನೆನಪೂ ಹೋಯಿತೆಂದು ತೋರುತ್ತದೆ.

ಇದೆಲ್ಲಕ್ಕಿಂತ ನಮಗೆ ಹತ್ತಿರದ ಪಾಠ ಪುಣೆಯದು. 1956ರಲ್ಲಿ ಪುಣೆಯ ಆಕಾಶವಾಣಿ ಯುನೆಸ್ಕೋದ ನೆರವಿನಿಂದ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿತು. ಸುಮಾರು 150 ಹಳ್ಳಿಗಳಲ್ಲಿ ರೈತರ ಶ್ರವಣ ಮಂಡಳಿಗಳನ್ನು ಕಟ್ಟಲಾಯಿತು. ವಾರಕ್ಕೆ ಎರಡರಂತೆ ಅರ್ಧ ಅರ್ಧ ತಾಸಿನ 20 ಕಾರ್ಯಕ್ರಮಗಳು. ಗೊತ್ತಾದ ದಿನ ಮಂಡಳಿಯವರು ಒಂದೆಡೆ ಕುಳಿತು ಕೇಳುವರು; ಕೇಳಿದ ಮೇಲೆ ಪೆಟ್ಟಿಗೆಯನ್ನು ಆರಿಸಿ ಚರ್ಚಿಸುವರು; ತಮ್ಮ ಪ್ರಶ್ನೆಗಳನ್ನು ಬರೆದು ನಿಲಯಕ್ಕೆ ಕಳಿಸುವರು; ಮುಂದಿನ ಪ್ರಸಾರದಲ್ಲಿ ನಿಲಯ ಉತ್ತರ ಕೊಡುವುದು. ಟಾಟಾ ಸಮಾಜವಿಜ್ಞಾನ ಸಂಸ್ಥೆಯು ಪಾಲ್ ನ್ಯೂರಾಥ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ಫಲವನ್ನು ಪರೀಕ್ಷಿಸಿತು. ಮಂಡಳಿಯಿದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಸ್ಪಷ್ಟವಾಗಿ ಏರಿತ್ತು. ರೇಡಿಯೋ ಇದ್ದೂ ಮಂಡಳಿ ಇಲ್ಲದ ಹಳ್ಳಿಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ವಾಚಕರು ಈ ಒಂದು ಸಂಗತಿಯನ್ನು ಎರಡು ಸಲ ಓದಬೇಕೆಂದು ನಮ್ಮ ಬಿನ್ನಹ. ಪೆಟ್ಟಿಗೆ ಒಂದೇ, ಪ್ರಸಾರ ಒಂದೇ. ಒಟ್ಟಿಗೆ ಕುಳಿತು ಕೇಳಿ, ಮಾತಾಡಿ, ಮರಳಿ ಬರೆದ ಕಡೆ ಮಾತ್ರ ಅದು ಬೆಳೆ ಕೊಟ್ಟಿತು. 1959ರಲ್ಲಿ ಈ ಪದ್ಧತಿಯನ್ನು ದೇಶಕ್ಕೆಲ್ಲ ವಿಸ್ತರಿಸಿದರು. ಕಾಲಾಂತರದಲ್ಲಿ ಅದು ಸೊರಗಿತು. ಆದರೆ ಸೊರಗಿದ್ದು ಪದ್ಧತಿ, ಅದು ತೋರಿಸಿಕೊಟ್ಟ ಸತ್ಯ ಅಲ್ಲಿಯೇ ಇದೆ.

ಈಗ ನಮ್ಮ ಸಂಘದ ಸದಸ್ಯರ ಕೂಟಗಳನ್ನು ನೋಡಿರಿ. ರಾಜ್ಯೋತ್ಸವ, ಸತ್ಕಾರ, ಪುಸ್ತಕ ಬಿಡುಗಡೆ, ಮತ್ತೆ ಸತ್ಕಾರ. ಶಾಲು ಹೊದಿಸುವುದರಲ್ಲಿ ನಮಗೆ ಸರಿಸಾಟಿಯಿಲ್ಲ. ಸೊಲ್ಲಾಪುರದ ಬೇಸಿಗೆಯಲ್ಲಿಯೂ ಉಣ್ಣೆಯ ಶಾಲು! ಗೌರವಿಸಲ್ಪಡುವವರು ಬೆವರುತ್ತ ಕನ್ನಡದ ಸ್ಥಿತಿಗತಿಗಳ ಬಗ್ಗೆ ಕಣ್ಣೀರು ಹಾಕುತ್ತಾರೆ. ಹನ್ನೆರಡು ತಿಂಗಳಿನಲ್ಲಿ ಒಂದು ಸಲವಾದರೂ ಹತ್ತು ಜನ ಸದಸ್ಯರು ಸೇರಿ ಒಂದು ಕಾರ್ಯಕ್ರಮವನ್ನು ಕೇಳಿ, ಅದರ ಗುಣದೋಷಗಳನ್ನು ಒಂದು ಅಂಚೆಕಾರ್ಡಿನಲ್ಲಿ ಬರೆದು ಹಾಕಿದ್ದುಂಟೇ? ನಮಗೆ ನೆನಪಿರುವ ಮಟ್ಟಿಗೆ ಇಲ್ಲ. ಪತ್ರ ಬರದ ಕಾರ್ಯಕ್ರಮವನ್ನು ಯಾವ ನಿಲಯದ ಅಧಿಕಾರಿಯೂ ಉಳಿಸಿಕೊಳ್ಳಲಾರ. ಕೇಳುವವರಿದ್ದಾರೆಂದು ಅವನಿಗೆ ತಿಳಿಯುವ ಬಗೆಯಾದರೂ ಏನು?

ಶಿಕ್ಷಕರಿಗೆ ಬಿಡುವೆಲ್ಲಿ ಎಂದು ನಮ್ಮವರೇ ಕೇಳುತ್ತಾರೆ. ಚುನಾವಣೆ, ಜನಗಣತಿ, ಸಮೀಕ್ಷೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು. ಎರಡು ಇಯತ್ತೆಗಳಿಗೆ ಒಬ್ಬನೇ ಗುರು. ಇದು ಸುಳ್ಳಲ್ಲ, ನಾವೂ ಅದೇ ನೊಗಕ್ಕೆ ಹೆಗಲು ಕೊಟ್ಟವರು. ಆದರೂ ಒಂದು ಮಾತು. ಕನ್ನಡ ನಾಡಿನಲ್ಲಿ ಬಾನುಲಿಯನ್ನು ಪ್ರಾರಂಭಿಸಿದವರು ಯಾರು? 1935ರ ಸೆಪ್ಟೆಂಬರ 10ರಂದು ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಒಂದು ಚಿಕ್ಕ ಪ್ರೇಷಕವನ್ನಿಟ್ಟುಕೊಂಡು ಅದನ್ನು ನಡೆಸಿದರು. 'ಆಕಾಶವಾಣಿ' ಎಂಬ ಹೆಸರು ಆ ಮನೆಯ ನಿಲಯಕ್ಕೆ ಇತ್ತು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಅವರೂ ಮರುದಿನ ವರ್ಗಕ್ಕೆ ಹೋಗಿ ಪಾಠ ಹೇಳಬೇಕಾದವರೇ. ನಮ್ಮಿಂದ ಪ್ರೇಷಕವನ್ನು ಯಾರೂ ಕೇಳುತ್ತಿಲ್ಲ. ತಿಂಗಳಿಗೆ ಒಂದು ಹಾಳೆ, ವಾರಕ್ಕೆ ಅರ್ಧ ತಾಸು.

ಆದುದರಿಂದ ಮುಂದಿನ ನವೆಂಬರದ ಠರಾವಿನಲ್ಲಿ 'ಯೋಗ್ಯ ಸ್ಥಾನ'ವನ್ನು ತೆಗೆದುಹಾಕಿ ಇಷ್ಟನ್ನು ಬರೆಯೋಣ: ಶಾಲೆಯ ವೇಳೆಯಲ್ಲಿ, ಗೊತ್ತಾದ ಒಂದು ವಾರದಂದು, ಅರ್ಧ ತಾಸಿನ ಕನ್ನಡ ಪಾಠ ಮತ್ತು ಸ್ಥಳೀಯ ವಾರ್ತೆ, ವಿಷಯಗಳ ಪಟ್ಟಿ ಒಂದು ತಿಂಗಳು ಮುಂಚಿತವಾಗಿ ಶಾಲೆಗಳಿಗೆ. ಅದರ ಕೆಳಗೆ ನಮ್ಮ ಪಾಲಿನದನ್ನೂ ಬರೆಯೋಣ: ಪಾಠಗಳ ಬರಹವನ್ನು ನಾವು ಒದಗಿಸುವೆವು, ಕೇಳುವ ಶಾಲೆಗಳ ಹೆಸರುಗಳನ್ನು ಕೊಡುವೆವು, ತಿಂಗಳ ಕೊನೆಗೆ ಮಕ್ಕಳ ಪತ್ರಗಳನ್ನು ಕಳಿಸುವೆವು. ಹತ್ತು ನಿಮಿಷದ ಮಾತೆಂದರೆ ಸುಮಾರು 800 ಶಬ್ದ. ಒಬ್ಬ ಶಿಕ್ಷಕನಿಗೆ ಎರಡು ರಾತ್ರಿಯ ಕೆಲಸ. ವಿಷಯಗಳಿಗೆ ಬರವೇ? ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯೆಂಬ ಇದೇ ಊರಿನಲ್ಲಿ ಕೆರೆ ಕಟ್ಟಿಸಿ, ಕನ್ನಡದಲ್ಲಿ ವಚನ ನುಡಿದ ಸಿದ್ಧರಾಮ. ಸಂಕ್ರಾಂತಿಯ ಜಾತ್ರೆಯ ನಂದಿಕೋಲುಗಳು. ಇದೇ ಊರಿನವರಾಗಿ, ಮರಾಠಿಯಲ್ಲಿ ಓದಿ, ತಾವಾಗಿ ಕನ್ನಡ ಕಲಿತು ತ್ರಿಪದಿಯಲ್ಲಿ ಸಿದ್ಧರಾಮೇಶ್ವರ ಪುರಾಣವನ್ನು ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆಯವರು. ಅವರ ಬಗ್ಗೆ ನಮ್ಮ ಮಕ್ಕಳು ಕೇಳಬೇಕಾದದ್ದು ನಮ್ಮ ಊರಿನ ನಿಲಯದಿಂದಲೇ ಅಲ್ಲವೇ?

ನಿಲಯದ ಉತ್ತರಕ್ಕಾಗಿ ಕಾಯುತ್ತ ಕೂಡ್ರುವ ಅವಶ್ಯಕತೆಯೂ ಇಲ್ಲ. ಬರುವ ತಿಂಗಳಿನಿಂದ ನಮ್ಮ ಶಾಲೆಯಲ್ಲಿ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಶ್ರವಣ ಬಳಗ ಕೂಡ್ರಲಿದೆ. ಸೊಲ್ಲಾಪುರ, ಕಲಬುರ್ಗಿ, ಧಾರವಾಡ, ಯಾವುದು ಸಿಕ್ಕಿದರೂ ಅದನ್ನೇ ಕೇಳಿ ಮಕ್ಕಳು ಒಂದೊಂದು ಕಾರ್ಡು ಬರೆಯುವರು. ಮಿಕ್ಕ ಶಾಲೆಗಳವರು ತಮ್ಮ ದಿನವನ್ನೂ ಹೊತ್ತನ್ನೂ ತಿಳಿಸಿದರೆ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ತರಬಹುದು. ಈ ಪತ್ರಿಕೆಯ ಕೊನೆಯ ಹಾಳೆಯ ಬೆನ್ನು ಪ್ರತಿ ಸಂಚಿಕೆಯಲ್ಲಿಯೂ ಖಾಲಿಯಾಗಿ ಬರುತ್ತಿರುವುದನ್ನು ವಾಚಕರು ಬಲ್ಲರು. ಆ ಬೆನ್ನನ್ನು ತಿಂಗಳ ಬಾನುಲಿ ಪಟ್ಟಿಗೆ ಬಿಟ್ಟುಕೊಡಬೇಕೆಂದು ಸಂಪಾದಕರನ್ನು ಕೇಳಿಕೊಂಡಿದ್ದೇವೆ. ಸ್ಟೆನ್ಸಿಲ್ ಕೊರೆಯುವ ಕೆಲಸ ನಮ್ಮದು. ಹರಿದು ವರ್ಗದ ಗೋಡೆಗೆ ಅಂಟಿಸುವುದು ನಿಮ್ಮದು.